ಬುಧವಾರದ ನಾಡಿ

"ಓಡಿಕೊಂಡು ಬಂದ್ರಾ?"

ಅವಳ ಮೂರು ಬೆರಳು ಅವನ ಮಣಿಕಟ್ಟಿನ ಮೇಲಿದ್ದವು. ಕಣ್ಣು ಗೋಡೆ ಗಡಿಯಾರದ ಮೇಲೆ. ಸಿಟ್ಟು ಮಾತ್ರ ಸೀದಾ ಅವನ ಮೇಲೆ.

"ಇಲ್ಲ ಮೇಡಂ. ಬಂದು ಕೂತು ಹತ್ತು ನಿಮಿಷ ಆಯ್ತು."

"ಮತ್ತೆ ನಾಡಿ ತೊಂಬತ್ತಾರು ಯಾಕಿದೆ? ಹೆದರಿಕೆನಾ?"

"ಬಂದಾಗ ಇರ್ಲಿಲ್ಲ. ನೀವು ಗದರಿದ ಮೇಲೆ ಬಂತು."

ಅವಳಿಗೆ ನಗು ಉಕ್ಕಿತು. ನುಂಗಿಕೊಂಡಳು. ಆಸ್ಪತ್ರೆಯ ಸಂಶೋಧನಾ ವಿಭಾಗದ ನರ್ಸ್ ಅವಳು, ಮೊದಲ ದಿನವೇ ಹಲ್ಲು ಕಿರಿದರೆ ನಾಳೆ ಯಾರು ಮಾತು ಕೇಳುತ್ತಾರೆ ಹೇಳಿ?

ಅವನು ಕನ್ನಡಕದ ಗಾಜು ಉಜ್ಜುವವನು. ತಿಂಗಳಿಗೆ ಏಳೆಂಟು ದಿನ ಅರೆತಲೆನೋವು. ಅದು ಬರುವ ಮುಂಚೆ ಕಣ್ಣೆದುರು ಬೆಳಕಿನ ಗೆರೆಗಳು ಕುಣಿಯುತ್ತವಂತೆ, ಕೈಯಲ್ಲಿದ್ದ ಗಾಜು ಕೆಟ್ಟೇ ಹೋಗುತ್ತದಂತೆ. ಅರೆತಲೆನೋವು ತಡೆಯುವ ಹೊಸ ಮಾತ್ರೆಯ ಪ್ರಯೋಗ ನಡೆಯುತ್ತಿದೆ ಅಂತ ಕೇಳಿ ಹೆಸರು ಕೊಟ್ಟಿದ್ದ. ಹನ್ನೆರಡು ವಾರ, ಪ್ರತಿ ಬುಧವಾರ ಬರಬೇಕು.

"ಈ ಮಾತ್ರೆ ಒಳಗೆ ಹೋಗಿ ಏನ್ ಮಾಡುತ್ತೆ?"

"ಹೃದಯದಲ್ಲಿ ರಿಸೆಪ್ಟರ್ ಅಂತ ಇರ್ತವೆ. ಬಸ್ಸಿನ ಸೀಟು ಅನ್ಕೊಳ್ಳಿ. ಗಾಬರಿ ಆದಾಗ ಅಡ್ರಿನಲಿನ್ ಓಡಿ ಬಂದು ಅಲ್ಲಿ ಕೂರುತ್ತೆ, ಎದೆ ಡವಡವ ಅನ್ನುತ್ತೆ. ಈ ಮಾತ್ರೆ ಮೊದಲೇ ಹೋಗಿ ಕರ್ಚೀಫ್ ಹಾಕಿದ ಹಾಗೆ ಸೀಟು ಹಿಡಿದುಬಿಡುತ್ತೆ. ನಾಡಿ ಇಳಿಯುತ್ತೆ. ತಲೆನೋವೂ ಕಮ್ಮಿ ಆಗುತ್ತಾ ಅಂತ ನೋಡ್ತಿದೀವಿ."

"ತಾನೂ ಏನೂ ಮಾಡಲ್ಲ, ಬೇರೆಯವರಿಗೂ ಬಿಡಲ್ಲ... ನಮ್ಮ ಚಿಕ್ಕಪ್ಪನ ಥರ."

ಈ ಸಲ ನಗು ಕೈಮೀರಿ ಹೋಯಿತು. ಇಲ್ಲದ ಕೆಮ್ಮು ತಂದುಕೊಂಡು, ಮುಖ್ಯವಾದದ್ದು ಹೇಳಿದಳು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ನೋಡೋಕೆ ಹಾಗೇ ಇರುವ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪ್ರಯೋಗ ಮುಗಿದ ಮೇಲೇ ಆ ಪಟ್ಟಿ ತೆರೆಯುವುದು.

ಬುಧವಾರಗಳು ಉರುಳಿದವು. ಎಲ್ಲರೂ ಅವಳನ್ನ ಸಿಸ್ಟರ್ ಅಂದರೆ ಇವನೊಬ್ಬ ಮೇಡಂ ಅನ್ನುತ್ತಿದ್ದ. ಯಾಕೆ ಅಂತ ಕೇಳಿದರೆ, "ಆ ಪದ ಬಾಯಿಗೆ ಬರಲ್ಲ ಮೇಡಂ" ಅಂತ ನೆಲ ನೋಡಿದ. ಮನೆಯಲ್ಲಿ ಇದನ್ನ ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಪೆದ್ದಿ, ಅದೂ ಅರ್ಥ ಆಗ್ಲಿಲ್ವೇನೇ ನಿಂಗೆ?"

ಅರ್ಥವಾಗಿತ್ತು. ಅದಕ್ಕೇ ಭಯ.

ನಾಲ್ಕು ವರ್ಷದ ಹಿಂದೆ ಒಬ್ಬ ಕಾಲು ಮುರಿದುಕೊಂಡು ವಾರ್ಡಿಗೆ ಬಂದಿದ್ದ. ನೀನೇ ನನ್ನ ಉಸಿರು ಅಂದಿದ್ದ, ನಿಶ್ಚಿತಾರ್ಥವೂ ಆಗಿತ್ತು. ಪ್ಲಾಸ್ಟರ್ ಬಿಚ್ಚಿದ ತಿಂಗಳಿಗೇ, "ಆಗ ನೋವಲ್ಲಿದ್ದೆ, ಏನೋ ಅಂದುಬಿಟ್ಟೆ" ಅಂತ ಎದ್ದು ಹೋದ. ಬಿಸಿ ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಯನ್ನೂ ಊದಿಕೊಂಡೇ ಕುಡಿಯುತ್ತದಲ್ಲ, ಹಾಗಾಗಿದ್ದಳು ಇವಳು.

ಆರನೇ ಬುಧವಾರ ಅವನ ನಾಡಿ ಅರವತ್ತಾರು. ಏಳನೆಯದೂ ಅಷ್ಟೇ, ಎಂಟನೆಯದೂ ಅಷ್ಟೇ. 'ಓಹೋ, ಇವರಿಗೆ ನಿಜವಾದ ಮಾತ್ರೆನೇ ಸಿಕ್ಕಿದೆ' ಅಂದುಕೊಂಡಳು. ಊಹಿಸಬಾರದು ಅಂತ ನಿಯಮವಿತ್ತು. ಮನಸ್ಸು ನಿಯಮ ಕೇಳುತ್ತದಾ? ತಲೆನೋವೂ ಒಂದೆರಡು ದಿನ ಕಮ್ಮಿಯಾಗಿದೆ ಅಂತ ಬೇರೆ ಅವನು ಹೇಳಿದ್ದ. ಅಷ್ಟರಲ್ಲಿ ಹಟ ಹಿಡಿದು ನಾಡಿ ನೋಡುವುದನ್ನೂ ಅವಳಿಂದ ಕಲಿತಿದ್ದ.

ಹತ್ತನೇ ಬುಧವಾರ, ಅವಳು ಬೆರಳು ತೆಗೆಯುವ ಮುಂಚೆ ಅವನು ಮೆಲ್ಲಗೆ ಹೇಳಿದ.

"ನಿಮ್ಮೆದುರು ಕೂತ್ರೆ ಎದೆ ತಣ್ಣಗಾಗುತ್ತೆ. ಪ್ರಯೋಗ ಮುಗಿದ ಮೇಲೂ ನಿಮ್ಮೆದುರು ಕೂರೋ ಆಸೆ ನಂಗೆ. ಯೋಚನೆ ಮಾಡಿ ಹೇಳ್ತೀರಾ?"

ಅವಳು ಸರಕ್ಕನೆ ಬೆರಳು ತೆಗೆದಳು. 'ಹೂಂ ಅನ್ನೇ' ಅಂತಿತ್ತು ಮನಸ್ಸು. ಬಾಯಿ ಬೇರೆಯೇ ಹೇಳಿತು.

"ಅದು ನಾನಲ್ಲ. ಮಾತ್ರೆ. ಮಾತ್ರೆ ನಿಂತ ಮೇಲೆ ಇದೂ ನಿಲ್ಲುತ್ತೆ."

"ಅಷ್ಟು ಗ್ಯಾರಂಟಿನಾ?"

"ನಾಡಿ ಸುಳ್ಳು ಹೇಳಲ್ಲ ಸರ್."

ಅವನು ತೋಳಿನ ಗುಂಡಿ ಹಾಕಿಕೊಂಡು ಎದ್ದು ಹೋದ. ಕೊನೆಯ ಎರಡು ಬುಧವಾರ ಅವಳು ಬೇರೆ ನರ್ಸನ್ನ ಕೂರಿಸಿ, ಸ್ಟೋರ್ ರೂಮಿನಲ್ಲಿ ಹತ್ತಿ ಎಣಿಸುತ್ತಾ ಕೂತಳು. ಹತ್ತಿಯನ್ನ ಯಾರಾದರೂ ಎಣಿಸುತ್ತಾರಾ?

ಪ್ರಯೋಗದ ಕೊನೆಗೊಂದು ಫಾರಂ ಇರುತ್ತದೆ. ಯಾರಿಗೆ ಯಾವ ಮಾತ್ರೆ ಸಿಕ್ಕಿರಬಹುದು ಅಂತ ನರ್ಸೂ ಊಹಿಸಿ ಬರೆಯಬೇಕು, ರೋಗಿಯೂ ಬೇರೆಯಾಗಿ ಬರೆಯಬೇಕು. ಅವನ ಹೆಸರಿನ ಮುಂದೆ ಅವಳು ಒತ್ತಿ ಬರೆದಳು. ನಿಜವಾದ ಮಾತ್ರೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದೊಡ್ಡ ಡಾಕ್ಟರಮ್ಮ ಪಟ್ಟಿ ತೆರೆದರು. ಸಿಹಿ ಸುದ್ದಿಯೇ. ನಿಜವಾದ ಮಾತ್ರೆ ತಿಂದವರಲ್ಲಿ ಹೆಚ್ಚಿನವರಿಗೆ ತಲೆನೋವು ಅರ್ಧಕ್ಕರ್ಧ ಇಳಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳನ್ನ ನೋಡಿದರು.

"ಒಂದು ಊಹೆ ಮಾತ್ರ ಪೂರ್ತಿ ಎಡವಿದೀಯ ಕಣೇ. ಈ ಕನ್ನಡಕದವರಿಗೆ ಸಿಕ್ಕಿದ್ದು ಸುಳ್ಳು ಮಾತ್ರೆ. ಅವರೇ ಸರಿಯಾಗಿ ಊಹಿಸಿದಾರೆ. ಕಾರಣವನ್ನೂ ಬರೆದಿದಾರೆ, ಓದು."

ಓದಿದಳು. ಗುಂಡಗಿನ ಅಕ್ಷರ.

'ಸುಳ್ಳು ಮಾತ್ರೆ ಇರಬೇಕು. ಮನೆಯಲ್ಲಿ ದಿನಾ ನಾಡಿ ನೋಡಿಕೊಂಡೆ, ಎಂಬತ್ತನಾಲ್ಕಕ್ಕಿಂತ ಇಳಿದೇ ಇಲ್ಲ. ಬುಧವಾರ ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಅರವತ್ತಾರು. ಕೊನೆಯ ಎರಡು ಬುಧವಾರ ಅದೇ ಕುರ್ಚಿ, ಆದರೆ ಅವರು ಇರಲಿಲ್ಲ. ಎಂಬತ್ತೆಂಟು.'

ಅಕ್ಷರಗಳು ಮಂಜಾದವು. ಔಷಧಿಯೇ ಇಲ್ಲದ ಮಾತ್ರೆ ತಿಂದು ಆ ಮನುಷ್ಯ ತನ್ನೆದುರು ತಣ್ಣಗೆ ಕೂತಿದ್ದ! ತಾನು ಮಾಡಿದ್ದೇನು? ಅವನ ಪ್ರೀತಿಯನ್ನ ಔಷಧಿಯ ಲೆಕ್ಕಕ್ಕೆ ಬರೆದು ಕಳಿಸಿಬಿಟ್ಟಿದ್ದಳು.

"ಅವರಿಗೆ ಸುದ್ದಿ ತಿಳಿಸಬೇಕು," ಅಂದರು ಡಾಕ್ಟರಮ್ಮ. "ಇನ್ನು ನಿಜವಾದ ಮಾತ್ರೆ ಕೊಡಬಹುದು. ಫೋನ್ ಮಾಡ್ತೀಯೋ, ನೀನೇ ಹೋಗ್ತೀಯೋ? ಪ್ರಯೋಗ ಮುಗೀತು. ಅವರೀಗ ನಿನ್ನ ರೋಗಿ ಅಲ್ಲ."

ಅವಳು ಅವನ ಕನ್ನಡಕದ ಅಂಗಡಿ ತಲುಪಿದಾಗ ಅಲ್ಲಿ ಅವನೊಬ್ಬನೇ ಇದ್ದ. ಅವಳನ್ನ ನೋಡಿದವನೇ ಗಾಜು ಉಜ್ಜುವ ಯಂತ್ರ ನಿಲ್ಲಿಸಿದ.

"ನಿಮಗೆ ಸಿಕ್ಕಿದ್ದು ಸುಳ್ಳು ಮಾತ್ರೆ," ಅಂದಳು ಬಾಗಿಲಲ್ಲೇ. "ನಿಜವಾದದ್ದು ಕೆಲಸ ಮಾಡುತ್ತೆ ಅಂತ ಗೊತ್ತಾಗಿದೆ. ನಾಳೆಯಿಂದ ಡಾಕ್ಟರು ನಿಮಗೂ ಶುರು ಮಾಡ್ತಾರೆ. ಮತ್ತೆ... ನಂದು ತಪ್ಪಾಯ್ತು. ತುಂಬಾ ತಪ್ಪಾಯ್ತು."

"ಮಾತ್ರೆ ನಿಂತು ಎರಡು ತಿಂಗಳಾಯ್ತು," ಅಂದ ಅವನು. "ಇದು ನಿಂತಿಲ್ಲ."

ಅವಳ ಕಣ್ಣು ತುಂಬಿತು. "ನಂಗೂ," ಅಂದಳು. "ನಂಗೂ ನೀವು ಬೇಕು. ಹೇಳೋಕೆ ಹೆದರಿಕೆ ಆಗಿತ್ತು."

ಅವನು ಕುರ್ಚಿ ಎಳೆದು ಅವಳನ್ನ ಕೂರಿಸಿದ. ಎದುರು ಕೂತು ಕೈ ಚಾಚಿದ.

"ಹಾಗಾದ್ರೆ ಇವತ್ತೇ ನಾಡಿ ನೋಡಿಬಿಡಿ. ನಾಳೆ ನಿಜವಾದ ಮಾತ್ರೆ ತಗೊಂಡ್ಮೇಲೆ, ಇದು ನಾನಲ್ಲ, ಮಾತ್ರೆ ಅಂತ ಮತ್ತೆ ಶುರು ಹಚ್ಕೋತೀರಿ."

ಅವಳು ಬೆರಳಿಟ್ಟಳು. ಎಣಿಸಿದಳು. ಇಪ್ಪತ್ತಕ್ಕೆ ತಪ್ಪಿತು. ಮತ್ತೆ ಎಣಿಸಿದಳು, ಮತ್ತೆ ತಪ್ಪಿತು. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಇದೇ ಮೊದಲು.

ಅವನು ಮೆಲ್ಲಗೆ ಕೈ ತಿರುಗಿಸಿ ಅವಳ ಮಣಿಕಟ್ಟು ಹಿಡಿದ. ಮೂರೇ ಬೆರಳು, ಅವಳೇ ಕಲಿಸಿದ ಹಾಗೆ. ಅಂಗಡಿಯ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದ.

"ನೂರ ಎಂಟು," ಅಂದ. "ಓಡಿಕೊಂಡು ಬಂದ್ರಾ?"

"ಹೂಂ," ಅಂದಳು, ಕಣ್ಣೊರೆಸಿಕೊಂಡು. "ಓಡಿಕೊಂಡೇ ಬಂದೆ."