ಕಮಾನಿನ ಕೆಳಗೆ ನಿಂತವನು

"ಕೈ ತೆಗೀರಿ! ಆ ಬೆಣೆ ಮುಟ್ಬೇಡಿ!"

ಹಿಂದಿನಿಂದ ಕೂಗು ಬಂದಾಗ ಶ್ರೀಗೌರಿ ಮರದ ಚೌಕಟ್ಟಿನ ಬೆಣೆಗೆ ಕೈ ಹಾಕಿದ್ದಳು. ತಿರುಗುವಷ್ಟರಲ್ಲಿ ಯಾರೋ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದಾಗಿತ್ತು.

"ಏನ್ರೀ ಇದು! ಯಾರ್ ನೀವು?"

"ಸೆಂಟ್ರಿಂಗ್ ಯೋಗರಾಜ್, ಭದ್ರಾವತಿಯವ್ನು. ಅದನ್ನ ಎಳೆದಿದ್ರೆ ಅಷ್ಟೂ ಹಲಗೆ ನಿಮ್ಮ ತಲೆ ಮೇಲೆ ಬರ್ತಿತ್ತು ಮೇಡಂ. ಆಮೇಲೆ 'ಏನ್ರೀ ಇದು' ಅಂತ ಕೇಳೋಕೂ ನೀವಿರ್ತಿರ್ಲಿಲ್ಲ."

ಎಂಥಾ ಒರಟ! ಅವಳು ಮುಖ ಸಿಂಡರಿಸಿಕೊಂಡು ಹೊರಟಳು. ಆದರೆ ಅವನು ಹಿಡಿದ ಮಣಿಕಟ್ಟನ್ನು ಸಂಜೆವರೆಗೂ ಎಡಗೈಯಿಂದ ಸವರಿಕೊಳ್ಳುತ್ತಲೇ ಇದ್ದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ. ನಾನೇ ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಶ್ರೀಗೌರಿ ಶಿವಮೊಗ್ಗದ ಕಾಲೇಜೊಂದರಲ್ಲಿ ಕಟ್ಟಡ ಕಲೆಯ ಇತಿಹಾಸ ಪಾಠ ಮಾಡುವವಳು. ರವೀಂದ್ರನಗರದ ಸಂಸ್ಕೃತ ಪಂಡಿತ ನರಸಿಂಹಮೂರ್ತಿಗಳ ಮಗಳು. ಮಗಳ ಹುಚ್ಚು ಮಾತ್ರ ಬೇರೆ! ಮಧ್ಯಯುಗದ ಯುರೋಪಿನ ಗಾಥಿಕ್ ಚರ್ಚುಗಳೆಂದರೆ ಅವಳಿಗೆ ಊಟ ನಿದ್ದೆ ಬೇಡ. ತುದಿ ಚೂಪಾದ ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು, ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಚಾವಣಿ...

ಮಕ್ಕಳು ಅದನ್ನು ಫೋಟೋದಲ್ಲಷ್ಟೇ ನೋಡಿದರೆ ಸಾಲದು ಎಂದು ಹಟ ಹಿಡಿದು, ಕಾಲೇಜಿನ ಅಂಗಳದಲ್ಲಿ ಕಲ್ಲಿನದೇ ಗಾಥಿಕ್ ಬಾಗಿಲೊಂದನ್ನು ಕಟ್ಟಿಸಲು ಹೊರಟಿದ್ದಳು. ಕಮಾನು ಕಟ್ಟಬೇಕಾದರೆ ಮೊದಲು ಅದೇ ಆಕಾರದ ಮರದ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಕಲ್ಲು ಜೋಡಿಸಬೇಕು. ಅದಕ್ಕೇ ಮಾಚೇನಹಳ್ಳಿಯಲ್ಲಿ ಶೆಡ್ ಇಟ್ಟುಕೊಂಡಿದ್ದ ಯೋಗರಾಜ್ ಬಂದಿದ್ದ. ಊರವರ ಮನೆಗಳ ಸ್ಲ್ಯಾಬಿಗೆ ಆಸರೆಯ ಹಲಗೆ ಕಟ್ಟುವುದು, ಅಂದರೆ ಸೆಂಟ್ರಿಂಗ್ ಹೊಡೆಯುವುದು ಅವನ ಕಸುಬು. ತಾಯಿ ಕರಿಬಸಮ್ಮನೂ ಅದೇ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದಳು.

ಜಗಳದಿಂದ ಶುರುವಾದದ್ದು ಟೀಗೆ ಬಂತು. ಟೀಯಿಂದ ಮೊಬೈಲಿನ ಫೋಟೋಗಳಿಗೆ ಬಂತು.

"ಇಷ್ಟೆತ್ತರ ಕಟ್ಟಿದ್ರೆ ಬೀಳಲ್ವಾ ಮೇಡಂ?"

"ಬಿದ್ದಿದೆ. ಫ್ರಾನ್ಸಲ್ಲಿ ಬೋವೆ ಅಂತ ಊರು. ಅಲ್ಲಿನ ಚರ್ಚಿನ ಚಾವಣಿ ಕುಸಿದುಹೋಯ್ತು."

"ಆಮೇಲೆ?"

"ಮತ್ತೆ ಕಟ್ಟಿದ್ರು. ಮಧ್ಯೆ ಇನ್ನಷ್ಟು ಕಂಬ ಕೊಟ್ಟು."

"ಬಿದ್ದಿದ್ದನ್ನ ಮತ್ತೆ ಕಟ್ಟಿದ್ರಾ! ಭಲೇ ಮಂದಿ."

ಅವನ ಕಣ್ಣುಗಳು ಫೋಟೋ ಬಿಟ್ಟು ಅವಳ ಮುಖದ ಮೇಲಿದ್ದವು. ಶ್ರೀಗೌರಿ ತಲೆ ತಗ್ಗಿಸಿ ಪಾಠ ಮುಂದುವರಿಸಿದಳು... ಬೇರೇನು ಮಾಡಿಯಾಳು!

"ಕಮಾನಿನ ಭಾರ ಕೆಳಕ್ಕೆ ಮಾತ್ರ ಬರಲ್ಲ, ಪಕ್ಕಕ್ಕೂ ಒದೆಯತ್ತೆ. ಅದಕ್ಕೇ ಅವರು ಗೋಡೆಗೆ ಹೊರಗಿಂದ ಆಸರೆ ಕೊಡ್ತಿದ್ರು. ನಾವು ಎರಡೂ ಕಂಬಕ್ಕೆ ಓರೆಯಾಗಿ ತೊಲೆ ಕೊಡೋಣ. ಅವು ಅಲ್ಲೇ ಇರ್ಬೇಕು, ತೆಗೀಬಾರ್ದು."

"ಆಯ್ತು ಮಾರಾಯ್ತಿ," ಎಂದುಬಿಟ್ಟ ಅವನು. ಆಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ನಕ್ಕಳು. ಆವತ್ತಿನಿಂದ 'ಮೇಡಂ' ಹೋಗಿ 'ಗೌರಿ' ಬಂತು.

ಕಲ್ಲು ಜೋಡಿಸಿ ಮುಗಿಯಿತು. ಮರದ ಚೌಕಟ್ಟು ಬಿಚ್ಚಿ ಉದ್ಘಾಟನೆ ಮಾಡುವ ದಿನ ಬೆಳಿಗ್ಗೆ ಇಬ್ಬರಿಗೂ ಸಣ್ಣ ಮುನಿಸು.

"ಬೇಗ ಮುಗಿಸೋಣ ಗೌರಿ. ಭದ್ರಾವತಿ ಸೈಟಿಗೆ ತೊಲೆ ಬೇಕು, ಮಧ್ಯಾಹ್ನ ಅಲ್ಲಿರ್ಬೇಕು ನಾನು."

"ನನ್ನ ಕಮಾನಿಗಿಂತ ಆ ಸ್ಲ್ಯಾಬ್ ಹೆಚ್ಚಾ ನಿಂಗೆ?"

ಎರಡೂ ಕಂಬಗಳ ಪಕ್ಕಕ್ಕೆ ಅಲಂಕಾರದ ಪರದೆ ಕಟ್ಟಿದ್ದರು. ಯೋಗರಾಜ್ ಕಮಾನಿನ ಕೆಳಗೆ ಹೋಗಿ ನಿಂತ. ಸೆಂಟ್ರಿಂಗ್ ಹೊಡೆದವನೇ ಬಿಚ್ಚುವಾಗ ಕೆಳಗೆ ನಿಲ್ಲಬೇಕು ಎನ್ನುವುದು ಅಪ್ಪನ ಕಾಲದಿಂದ ಅವರ ಗ್ಯಾಂಗಿನ ರೂಢಿ. ಶ್ರೀಗೌರಿ ಹೆಮ್ಮೆಯಿಂದ ಕಂಬಕ್ಕೆ ಬಲಗೈ ಇಟ್ಟು ನಿಂತಿದ್ದಳು. ಬೆಣೆ ಸಡಿಲಿಸಿದರು, ಮರದ ಚೌಕಟ್ಟು ಒಂದಿಷ್ಟು ಕೆಳಗಿಳಿಯಿತು...

ಕಂಬಗಳು ಹೊರಕ್ಕೆ ವಾಲಿದವು. ಕಲ್ಲುಗಳು ದಬದಬನೆ ಬಿದ್ದವು!

ಯೋಗರಾಜನನ್ನು ಆ ಮರದ ಚೌಕಟ್ಟೇ ಕಾಪಾಡಿತು. ಶ್ರೀಗೌರಿಯ ಬಲಗೈ ಮಾತ್ರ ಕಲ್ಲಿನಡಿ ಸಿಕ್ಕಿತು.

ಪರದೆ ಹರಿದುಬಿದ್ದಾಗ ಎಲ್ಲರಿಗೂ ಕಂಡಿತು. ಪಕ್ಕದಲ್ಲಿ ಆಸರೆಯ ತೊಲೆಗಳೇ ಇರಲಿಲ್ಲ!

"ಯಾರು ತೆಗೆದಿದ್ದು?" ನೋವಿನಲ್ಲಿ ಕಿರುಚಿದಳು.

ಯೋಗರಾಜ್ ಒಂದು ಕ್ಷಣ ಎತ್ತಲೋ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ನಾನೇ."

"ನಿನ್ನ ಸೈಟಿಗೆ ತಗೊಂಡು ಹೋಗೋಕಾ? ಅಷ್ಟು ಹೇಳಿದ್ನಲ್ಲೋ, ತೆಗೀಬಾರ್ದು ಅಂತ!"

ಅವನು ಬಾಗಿ ಅವಳ ಕೈ ಮೇಲಿನ ಕಲ್ಲು ಸರಿಸತೊಡಗಿದ. ಆಸ್ಪತ್ರೆಯ ಬಾಗಿಲವರೆಗೆ ಬಂದು ನಿಂತವನನ್ನು ಅವಳೇ ಕಳಿಸಿದಳು. "ಇನ್ನು ನಿನ್ನ ಮುಖ ತೋರಿಸ್ಬೇಡ."

ಕೈ ವಾಸಿಯಾಯಿತು. ಆದರೆ ಎರಡು ಬೆರಳು ಮಡಚುವುದನ್ನೇ ಮರೆತವು. ಪೆನ್ಸಿಲ್ ಹಿಡಿದರೆ ಜಾರುತ್ತಿತ್ತು. ರಾತ್ರಿ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು. ಕೈಗಾಗಿ ಅಳುತ್ತಿದ್ದಳೋ, ಅವನಿಗಾಗಿಯೋ ಅವಳಿಗೇ ತಿಳಿಯುತ್ತಿರಲಿಲ್ಲ. 'ಒಂದೇ ಒಂದು ಸಲ ಯಾಕೆ ಅಂತ ಹೇಳಿದ್ರೆ ಸಾಕಿತ್ತಲ್ಲ...'

ವರ್ಷ ಕಳೆದು ಕಮಾನನ್ನು ಮತ್ತೆ ಕಟ್ಟಲು ಹೊರಟಳು. ಈ ಸಲ ಎರಡೂ ಕಡೆ ತೊಲೆಯ ಬದಲು ಕಲ್ಲಿನದೇ ಆಸರೆ ಗೋಡೆ. ಸೆಂಟ್ರಿಂಗಿಗೆ ಬೇರೆ ಯಾರೂ ಒಪ್ಪದಿದ್ದಾಗ ಯೋಗರಾಜ್ ತಾನಾಗೇ ಬಂದ. ಗಡ್ಡ ಬಿಟ್ಟಿದ್ದ, ಅರ್ಧ ಆಗಿದ್ದ.

"ಇದೊಂದು ಮುಗಿಸಿಕೊಡ್ತೀನಿ ಮೇಡಂ. ಆಮೇಲೆ ಈ ಕಸುಬೂ ಬೇಡ, ಈ ಊರೂ ಬೇಡ."

ಮತ್ತೆ 'ಮೇಡಂ'! ಆದರೂ ಬಿಗುಮಾನದಿಂದ "ಸರಿ" ಎಂದಳು. ಆ ಸುಡುಗಾಡು ಬಿಗುಮಾನಕ್ಕೆ ಏನನ್ನಬೇಕೋ!

ಚೌಕಟ್ಟು ಬಿಚ್ಚುವ ದಿನ ಬಂತು. ಗ್ಯಾಂಗಿನ ಮೇಸ್ತ್ರಿ ಶೇಷಪ್ಪ ಸುತ್ತಿಗೆ ಹಿಡಿದು ನಿಂತಿದ್ದ. ಯೋಗರಾಜ್ ಮರದ ಚೌಕಟ್ಟನ್ನು ಬೆಣೆಗಳ ಆಧಾರಕ್ಕಷ್ಟೇ ಬಿಟ್ಟು, ಹೋದ ಸಲ ಕಲ್ಲು ತಡೆದಂಥ ಅಡ್ಡ ಹಲಗೆಗಳನ್ನೆಲ್ಲ ತಾನೇ ಕಳಚಿಹಾಕಿದ್ದ. ಈ ಸಲ ಬಿದ್ದರೆ ಅವನನ್ನು ಕಾಯಲು ಏನೂ ಇರಲಿಲ್ಲ. ಹಾಗೆ ನಡುಮಧ್ಯೆ ಹೋಗಿ ನಿಂತ.

ಆಗಲೇ ಯಾರೋ ಓಡಿ ಬಂದು ಶ್ರೀಗೌರಿಯ ಕಾಲು ಹಿಡಿದರು. ಯೋಗರಾಜನ ತಾಯಿ ಕರಿಬಸಮ್ಮ!

"ಅವ್ನ್ನ ಹೊರಗೆ ಕರೀರಿ ತಾಯಿ! ಬಿದ್ರೆ ನನ್ ಮೇಲೇ ಬೀಳ್ಲಿ ಅಂತಾನೆ. ನನ್ ಮಾತು ಕೇಳ್ತಿಲ್ಲ!"

"ಏಳಿ ಅಮ್ಮ, ಏನಿದು..."

"ಆವತ್ತು ತೊಲೆ ತೆಗೆದೋಳು ನಾನು ತಾಯಿ! ಅವ್ನಲ್ಲ!"

ಶ್ರೀಗೌರಿ ಬಗ್ಗಿ ಅವಳ ಭುಜ ಹಿಡಿದಳು.

"ಚಿಕ್ಕೋಳಿದ್ದಾಗಿಂದ ಸೆಂಟ್ರಿಂಗ್ ಕೆಲ್ಸ ಮಾಡ್ದೋಳು ನಾನು. ಸ್ಲ್ಯಾಬಿಗೆ ಸೈಡ್ ಹಲಗೆ ಮೊದ್ಲು ಬಿಚ್ತೀವಿ, ಕೆಳಗಿನ ಆಸರೆ ಕೊನೇಗೆ. ಇದೂ ಹಂಗೇ ಅಂದ್ಕೊಂಡೆ. ಮಗ ಗಡಿಬಿಡೀಲಿದ್ದಾನೆ, ಒಂದು ಕೆಲ್ಸ ಕಮ್ಮಿ ಆಗ್ಲಿ ಅಂತ ಪರದೆ ಹಿಂದೆ ಹೋಗಿ ನಾನೇ ತೆಗ್ದೆ. ಬಾಯಿ ಬಿಟ್ರೆ ನನ್ ಮೇಲಾಣೆ ಅಂದ ತಾಯಿ ಅವ್ನು..."

ಅಯ್ಯೋ ದೇವರೇ! ಅವನು ಆವತ್ತು ನೋಡಿದ್ದು ಎತ್ತಲೋ ಅಲ್ಲ. ಜನರ ಹಿಂದೆ, ತೆಗೆದ ತೊಲೆ ಹಿಡಿದು ನಿಂತಿದ್ದ ತಾಯಿಯನ್ನು!

"ಶೇಷಪ್ಪಣ್ಣ, ಹೊಡಿ!" ಕಮಾನಿನ ಕೆಳಗಿನಿಂದ ಯೋಗರಾಜನ ದನಿ ಕೇಳಿತು.

"ಹೊಡೀಬೇಡಿ!"

ಶ್ರೀಗೌರಿ ಓಡಿದಳು. ಚಪ್ಪಲಿ ಎಲ್ಲೋ ಬಿತ್ತು. ವಿದ್ಯಾರ್ಥಿಗಳು ಕೂಗುತ್ತಿದ್ದಂತೆಯೇ ನೇರ ಕಮಾನಿನ ಕೆಳಗೆ ಹೋಗಿ ಅವನೆದುರು ನಿಂತಳು.

"ಹುಚ್ಚಾ ನಿಮ್ಗೆ? ಹೊರಗೆ ಹೋಗಿ ಮೇಡಂ!"

"ಮೇಡಂ ಅನ್ಬೇಡ."

"ಗೌರಿ... ಕಾಲಿಗೆ ಬೀಳ್ತೀನಿ, ಹೋಗು."

"ಯಾಕೋ ಸುಳ್ಳು ಹೇಳ್ದೆ?"

ಅವನು ಹೊರಗೆ ಕುಸಿದು ಕೂತಿದ್ದ ತಾಯಿಯನ್ನು ನೋಡಿದ. ಎಲ್ಲ ಅರ್ಥವಾಯಿತು. ವರ್ಷವಿಡೀ ತಡೆದದ್ದು ಕಣ್ಣಿಂದ ಇಳಿಯಿತು.

"ನಿನ್ನ ಕೈಯಿಂದ ರಕ್ತ ಸುರಿಯೋದು ನೋಡಿ ಅಮ್ಮ ಆವತ್ತೇ ಸತ್ತು ಹೋಗಿದ್ಳು ಕಣೆ. ಅವ್ಳ ಕಡೆ ಬೆರಳು ತೋರಿಸೋದು ಹೆಂಗೆ? ನೀನು ನನ್ನ ಬೈದ್ರೆ ತಡ್ಕೊಳ್ತೀನಿ ಅಂದ್ಕೊಂಡೆ... ಆಗ್ಲಿಲ್ಲ ಗೌರಿ. ನೀನಿಲ್ದೆ ಆಗ್ಲೇ ಇಲ್ಲ."

"ಸತ್ರೆ ಸರಿಹೋಗತ್ತೆ ಅಂತ ಇಲ್ಲಿ ನಿಂತ್ಯಾ? ನನ್ನ ಬಿಟ್ಟು?"

ಅವನು ಅವಳನ್ನು ಹೊರಕ್ಕೆ ತಳ್ಳಲು ನೋಡಿದ.

"ಇದು ಬೀಳಲ್ಲ ಯೋಗಿ. ಈ ಸಲ ಪಕ್ಕದ ಆಸರೆ ಒಂದೊಂದು ಕಲ್ಲೂ ನಾನೇ ನಿಂತು ಇಡಿಸಿದ್ದೀನಿ. ಅಷ್ಟು ನಂಬಿಕೆ ಇಲ್ದೆ ನಿನ್ನ ಇದರ ಕೆಳಗೆ ನಿಲ್ಲೋಕೆ ಬಿಡ್ತಿದ್ನಾ?" ಅವನ ಪಕ್ಕದಲ್ಲಿ ಗಟ್ಟಿಯಾಗಿ ನಿಂತಳು. "ಶೇಷಪ್ಪಣ್ಣ, ಈಗ ಹೊಡೀರಿ!"

"ಬೇಡ!" ಯೋಗರಾಜ್ ಅವಳನ್ನು ತಬ್ಬಿ ತನ್ನ ಬೆನ್ನು ಮೇಲಕ್ಕೆ ಮಾಡಿ ಬಾಗಿದ.

ಎರಡೂ ಕಡೆ ಸುತ್ತಿಗೆಯ ಪೆಟ್ಟು. ಬೆಣೆ ಕಳಚಿತು. ಚೌಕಟ್ಟು ಒಂದಿಷ್ಟು ಇಳಿಯಿತು. ಮೇಲೆಲ್ಲೋ ಕಲ್ಲು ಕಿರ್ರೆಂದಿತು, ತಲೆ ಮೇಲೆ ಸುಣ್ಣದ ಪುಡಿ ಉದುರಿತು...

ಆಮೇಲೆ ಏನೂ ಬೀಳಲಿಲ್ಲ.

ಕಮಾನು ನಿಂತಿತ್ತು! ಹೊರಗೆ ಚಪ್ಪಾಳೆ, ಶಿಳ್ಳೆ. ಕರಿಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಯೋಗರಾಜ್ ಮಾತ್ರ ಇನ್ನೂ ಶ್ರೀಗೌರಿಯನ್ನು ಬಿಟ್ಟಿರಲಿಲ್ಲ.

"ಬಿದ್ದಿದ್ದನ್ನ ಮತ್ತೆ ಕಟ್ಬೋದು ಅಂದಿದ್ದೆ ಅಲ್ವಾ ನೀನು?" ಎಂದ ಅವನು.

"ಕಟ್ಟಿದ್ವಲ್ಲ. ಆದ್ರೆ ನಮ್ಮಪ್ಪನ್ನ ಒಪ್ಪಿಸೋದು ಇದಕ್ಕಿಂತ ಕಷ್ಟ ಇದೆ, ಈಗ್ಲೇ ಹೇಳಿರ್ತೀನಿ."

ಅಳುವಿನ ನಡುವೆಯೇ ಅವನಿಗೆ ನಗು ಬಂತು. ಅವಳ ಬಲಗೈ ಎತ್ತಿಕೊಂಡು, ಮಡಚದ ಆ ಎರಡು ಬೆರಳುಗಳನ್ನು ಮೆಲ್ಲಗೆ ಸವರಿದ.

"ನೋಯತ್ತಾ?"

"ಇಲ್ಲ."

"ಹಿಡ್ಕೊಳ್ಳೋಕೆ ಆಗತ್ತಾ?"

ಶ್ರೀಗೌರಿ ಉಳಿದ ಬೆರಳುಗಳಿಂದ ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

"ಪೆನ್ಸಿಲ್ ಜಾರತ್ತೆ ಮಾರಾಯ. ನಿನ್ನ ಬಿಡಲ್ಲ."