ಅರ್ಧ ಹೊಲಕ್ಕೇ ಮುಗಿದ ನೆರವು

ಬೆನ್ನಿಗೆ ಪಿಸ್ತೂಲು ತಗುಲಿತು.

"ನಗ್ತಾ ನಡಿ, ಸಾರುನ್. ಜನ ನೋಡ್ತಿದ್ದಾರೆ."

ಹೆಂಗ್‌ನ ದನಿ. ಭೂಮಿ ದಲ್ಲಾಳಿ ಮೊಂಗ್‌ಕೊಲ್‌ನ ಬಲಗೈ ಬಂಟ.

ನಕ್ಕೆ. ಪಿಸ್ತೂಲು ಮುಟ್ಟಿದರೆ ಎಂಥವನೂ ನಗುತ್ತಾನೆ, ಬಿಡಿ!

ನನ್ನ ಕೆಲಸ ಹಳೆಯ ಯುದ್ಧದಲ್ಲಿ ಹೂತ ನೆಲಬಾಂಬ್ ತೆಗೆಯುವುದು. ನಮ್ಮ ಬಟ್ಟಂಬಾಂಗ್ ಪ್ರಾಂತ್ಯದ ಈ ಹೊಲದಲ್ಲಿ ಅರ್ಧ ಮುಗಿಸಿದ್ದೆವು. ಅಷ್ಟರಲ್ಲಿ ದುಡ್ಡು ಕೊಡುತ್ತಿದ್ದ ದೂರದ ದೇಶ ಕೈ ಎತ್ತಿತು. ಅವರ ರಾಯಭಾರ ಕಚೇರಿಯ ಮೇಡಂ ಫೋನ್ ಮಾಡಿದ್ದಳು.

"ನಮ್ಮಲ್ಲೂ ಕಷ್ಟ, ಸಾರುನ್. ಬ್ರೆಡ್ಡು, ಕರೆಂಟು ಎಲ್ಲ ದುಬಾರಿ. ನೆರವಿನ ಬಜೆಟ್ ಕಡಿತ. ಆ ಹಣ ಈಗ ನಮ್ಮ ಸೈನ್ಯಕ್ಕೆ."

"ಇನ್ನರ್ಧ ಹೊಲ?"

"ಸಾರಿ."

ಸಾರಿ! ನೆಲದೊಳಗಿನ ಬಾಂಬಿಗೆ ಅದನ್ನು ಯಾರು ಹೇಳಬೇಕು?

ತಂಡ ಮನೆಗೆ ಹೋಯಿತು. ಮೊಂಗ್‌ಕೊಲ್ ಬಾಂಬಿರುವ ಜಾಗ ತೋರಿಸುವ ನಮ್ಮ ಕೆಂಪು-ಬಿಳಿ ಗುರುತಿನ ಕಡ್ಡಿಗಳನ್ನೆಲ್ಲ ಕೀಳಿಸಿದ. ಶುದ್ಧ ಅರ್ಧದ ಗಡಿ ಈಗ ಸರಿಯಾಗಿ ಗೊತ್ತಿದ್ದದ್ದು ನನಗೊಬ್ಬನಿಗೇ. ಇಡೀ ಹೊಲ ಶುದ್ಧವೆಂದು ಸಾರಿ, ತುಂಡು ಮಾಡಿ ಮಾರಲು ಹೊರಟ.

ಕೊಳ್ಳುವವರು ಬದುವಿನ ಮೇಲೆ ನಿಂತಿದ್ದರು. ಕಂಕುಳಲ್ಲಿ ಮಕ್ಕಳು. ನಾಳೆಯೇ ಮರಗೆಣಸು ನೆಡಲು ಗುದ್ದಲಿ ಹಾಕುವವರು.

ನಮ್ಮಲ್ಲೊಂದು ಪದ್ಧತಿ. ಬಾಂಬ್ ತೆಗೆದವನೇ ಜನರೆದುರು ಹೊಲದಲ್ಲಿ ನಡೆದು ತೋರಿಸಬೇಕು. ಆಮೇಲೆಯೇ ನಂಬಿಕೆ. ಅದಕ್ಕೇ ನನ್ನನ್ನು ಮನೆಯಿಂದ ಎಳೆದು ತಂದಿದ್ದರು.

ಮೊಂಗ್‌ಕೊಲ್ ಕಿವಿಯಲ್ಲಿ ಉಸುರಿದ. "ಶುದ್ಧವಾದ ಅರ್ಧದಲ್ಲಿ ನಡಿ. ಎಲ್ಲ ಕ್ಲೀನ್ ಅನ್ನು. ಬಾಲ ಬಿಚ್ಚಿದ್ರೆ ನಿನ್ನ ಹೆಣ ನದಿಗೆ!"

"ಆಯ್ತು ಧಣಿ."

ನಡೆದೆ. ಹೆಂಗ್ ಬದುವಿನಲ್ಲೇ ಉಳಿದ. ನಾನು ನಟ್ಟನಡುವೆ ನಿಂತೆ. ತಿರುಗಿ ಗಂಟಲು ಹರಿಯುವಂತೆ ಕೂಗಿದೆ.

"ಅರ್ಧ ಹೊಲದಲ್ಲಿ ಬಾಂಬ್ ಇನ್ನೂ ಇದೆ! ಯಾರೂ ಕೊಳ್ಳಬೇಡಿ!"

ಮೊಂಗ್‌ಕೊಲ್ ಗಹಗಹಿಸಿದ. "ಕೆಲಸ ಹೋದ ಸಿಟ್ಟು ಕಣ್ರೀ! ಕುಡಿದಿದ್ದಾನೆ!"

ಜನರ ನಡುವಿನಿಂದ ಮುದುಕ ನ್ಯೆಮ್ ಮುಂದೆ ಬಂದ. "ಹಂಗಾದ್ರೆ ನಿಮ್ಮೋನೇ ಹೋಗಿ ಅವನನ್ನ ಎಳ್ಕೊಂಡು ಬರ್ಲಿ, ಧಣಿ. ಹೊಲ ಶುದ್ಧ ತಾನೇ?"

"ಹೆಂಗ್! ಹೋಗೋ!"

ಹೆಂಗ್ ಕಾಲೆತ್ತಿದ... ಇಡಲಿಲ್ಲ.

"ಧಣಿ... ಅವನು ಯಾವ ಕಡೆಯಿಂದ ಹೋದ?"

"ನೋಡ್ಲಿಲ್ವೇನೋ ಕತ್ತೆ?"

"ಕಡ್ಡಿ ಕೀಳ್ಸಿದ್ದು ನೀವೇ ಅಲ್ವಾ! ನೀವೇ ಹೋಗಿ!"

ಮಾಡಿದ್ದುಣ್ಣೋ ಮಹಾರಾಯ!

ಮೊಂಗ್‌ಕೊಲ್ ಬದುವಿನಿಂದ ಇಳಿಯಲಿಲ್ಲ. ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಒಬ್ಬಳು ಅವನ ಬೂಟಿನ ಹತ್ತಿರವೇ ಉಗುಳಿದಳು. ಅಷ್ಟು ಜನರೆದುರು ಗುಂಡು ಹಾರಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ನಾವು ಇಲ್ಲೇ ಇರ್ತೀವಪ್ಪಾ!" ನ್ಯೆಮ್ ತಾತ ಕೂಗಿದ. ನನ್ನ ಎದೆ ತುಂಬಿ ಬಂತು.

ಮೊಂಗ್‌ಕೊಲ್ ಹಲ್ಲು ಕಡಿದ. "ಎಷ್ಟು ಹೊತ್ತು ಅಲ್ಲಿರ್ತೀಯೋ? ಆಚೆ ಬರ್ಲೇಬೇಕು ನೀನು!"

ನಾನು ನೆಲದ ಮೇಲೆ ಕೂತು ಸಿಗರೇಟು ಹಚ್ಚಿದೆ.

"ಆತುರ ಇಲ್ಲ ಧಣಿ... ನನಗೇನು ಕೆಲ್ಸ ಇದ್ಯಾ? ಬಜೆಟ್ ಕಡಿತ!"