ಗಾಣದಮ್ಮನ ಎಣ್ಣೆ

"ಅಯ್ಯೋ ಅತ್ತೆ, ಗುಬ್ಬಿಗೆ ಉಸಿರು ಕಟ್ತಾ ಇದೆ! ತುಟಿ ನೋಡಿ ಹೇಗೆ ಊದ್ಕೊಂಡಿದೆ!"

ಸೊಸೆಯ ಚೀರಾಟಕ್ಕೆ ಗಾಣದಮ್ಮ ಅಡುಗೆಮನೆಯಿಂದ ಓಡಿಬಂದರು. "ಏನು ತಿನ್ನಿಸಿದೆಯೇ ಮಹಾತಾಯಿ?" ಎಂದು ಹರಿಹಾಯಲು ಬಾಯಿ ತೆರೆದವರ ಕಣ್ಣಿಗೆ, ಒಂದು ವರ್ಷದ ಮೊಮ್ಮಗಳು ಗುಬ್ಬಿಯ ಕೈಯಲ್ಲಿ ಅರ್ಧ ಕಚ್ಚಿದ ಕಡಲೆಕಾಯಿ ಬಿಸ್ಕತ್ತು ಬಿತ್ತು. ಮೊದಲ ಸಲ ರುಚಿ ನೋಡಲೆಂದು ಆಗತಾನೆ ಅದನ್ನು ಕೊಟ್ಟಿದ್ದವರು ಅವರೇ!

ಬಾಯಿ ಮುಚ್ಚಿಕೊಳ್ಳುವುದು ಗಾಣದಮ್ಮನ ಜಾಯಮಾನವಲ್ಲ. ಗಂಡ ಹೋದ ಮೇಲೆ ಗಾಣವನ್ನೂ ಮನೆಯನ್ನೂ ಒಂಟಿಯಾಗಿ ನಡೆಸಿದ ಹೆಂಗಸು. ಲಾರಿ ಓಡಿಸುವ ಮಗ ಮನೆಯಲ್ಲಿರುತ್ತಿದ್ದುದೇ ಅಪರೂಪ. ಎರಡನೇ ತಿಂಗಳಲ್ಲಿ ಗುಬ್ಬಿಯ ಕೆನ್ನೆ, ಮೊಣಕಾಲ ಸಂದಿಗಳಲ್ಲಿ ಇಸುಬು ಎದ್ದು, ಚರ್ಮ ಬಿರಿದು ನೀರು ಒಸರತೊಡಗಿದಾಗ ತೀರ್ಪು ಕೊಟ್ಟವರೂ ಅವರೇ. "ನಿನ್ನ ಹಾಲೇ ಮಗೂಗೆ ಆಗಿಬರ್ತಿಲ್ಲ. ನಿಲ್ಲಿಸು!" ಸೊಸೆ ಮೊಟ್ಟೆ ಬಿಟ್ಟಳು, ಮೀನು ಬಿಟ್ಟಳು, ಕಡೆಗೆ ಅತ್ತೆಯ ಬಾಯಿಗೆ ಹೆದರಿ ಐದೇ ತಿಂಗಳಿಗೆ ಮೊಲೆ ಬಿಡಿಸಿದಳು. ಎದೆ ಕಲ್ಲಾಗಿ, ಜ್ವರ ಬಂದು, ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ಲುತ್ತಾ ಅತ್ತಳು... ಅತ್ತೆ ಮಾತ್ರ ದಿನಾ ಬೆಳಿಗ್ಗೆ ಗಾಣದಿಂದ ಇಳಿದ ಹೊಸ ಕಡಲೆಕಾಯಿ ಎಣ್ಣೆಯನ್ನು, ಅದಕ್ಕಿಂತ ಮದ್ದಿಲ್ಲವೆಂದು, ಆ ಬಿರುಕುಗಳಿಗೇ ತಿಕ್ಕುತ್ತಿದ್ದರು.

ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟ ಮೇಲೆ ಗುಬ್ಬಿಯ ಉಸಿರು ಮರಳಿತು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ಇದು ಕಡಲೆಕಾಯಿ ಅಲರ್ಜಿ. ಇಸುಬಿರೋ ಮಕ್ಕಳಲ್ಲಿ ಇಂಥದ್ದು ಜಾಸ್ತಿ. ಬಿರಿದ ಚರ್ಮದಿಂದ ಎಣ್ಣೆ ಒಳಗೆ ಹೋಗಿ, ದೇಹ ಅದನ್ನ ಶತ್ರು ಅಂದ್ಕೊಂಡಿರಬಹುದು. ತಾಯಿ ಹಾಲಿನ ತಪ್ಪೇನೂ ಇಲ್ಲಮ್ಮ."

ತಪ್ಪೇನೂ ಇಲ್ಲ! ಸೊಸೆ ಗೋಡೆಗೆ ಮುಖ ಮಾಡಿ ಬಿಕ್ಕಿದಳು. ಗಾಣದಮ್ಮ ಎಣ್ಣೆ ತಿಕ್ಕಿದ ತಮ್ಮ ಅಂಗೈಗಳನ್ನೇ ನೋಡಿಕೊಂಡರು.

ಮನೆಗೆ ಬಂದ ದಿನವೇ ಅವರು ಗಾಣಕ್ಕೆ ಬೀಗ ಹಾಕಿದರು. ಮೂರು ದಿನ ಸೋಪು ಹಚ್ಚಿ ಹಚ್ಚಿ ಕೈ ಉಜ್ಜಿದರು. ನಾಲ್ಕನೇ ಬೆಳಿಗ್ಗೆ ಸ್ನಾನ ಮುಗಿಸಿದ ಗುಬ್ಬಿ, ರೂಢಿಯಂತೆ ಅಜ್ಜಿಯ ಮುಂದೆ ಕಾಲು ಚಾಚಿ ನಕ್ಕಿತು. ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಹಚ್ಚಿ ಅತ್ತೆ," ಸೊಸೆ ಡಾಕ್ಟರು ಕೊಟ್ಟ ಮುಲಾಮು ಮುಂದೆ ಹಿಡಿದಳು. "ಅವಳು ನಿಮ್ಮನ್ನೇ ಕಾಯ್ತಿದ್ದಾಳೆ."

"ನನ್ನ ಕ್ಷಮಿಸಿದೆಯಾ ತಾಯಿ?"

ಸೊಸೆ ಮುಲಾಮಿನ ಮುಚ್ಚಳ ತೆಗೆದಳು. "ನಿಮ್ಮ ಮೇಲೆ ಸಿಟ್ಟಿಲ್ಲ ಅತ್ತೆ... ಆದ್ರೆ ಈಗಲೂ ಇವಳು ಅತ್ತಾಗ ನನ್ನ ಕೈ ಎದೆಗೆ ಹೋಗುತ್ತೆ."

ಗಾಣದಮ್ಮ ಬೆರಳ ತುದಿಗೆ ಮುಲಾಮು ತೆಗೆದುಕೊಂಡರು. ಸೊಸೆಯ ಮುಖ ನೋಡಲಾರದೆ, ಮೊಮ್ಮಗಳ ಕಾಲು ಹಿಡಿದು ನಿಧಾನವಾಗಿ ಹಚ್ಚತೊಡಗಿದರು.